ಅಮಲ್ದಾರರ ಕಾಲಿನ ದದ್ದು

ಹೆಂಡತಿಯೊಡನೆ ಹಳ್ಳಿಗೆ ಮೊಕ್ಕಾಂ ಬಂದು ಚಾವಡಿಯಲ್ಲಿ ತಂಗಿದ್ದ ಅಮಲ್ದಾರ ನರಹರಿರಾಯರು ಬೆಳಗ್ಗೆ ಎದ್ದು ನೋಡಿಕೊಂಡರೆ ಮೊಣಕಾಲಿನ ಕೆಳಗೆಲ್ಲ ಕೆಂಪು ದದ್ದು. ಚಿಗಟದ ಕಡಿತ. ಕೆರೆದಷ್ಟೂ ದದ್ದು ಉಬ್ಬಿತು, ಉಬ್ಬಿದಷ್ಟೂ ಸಿಟ್ಟು ಏರಿತು. ಪಂಚೆ ಎತ್ತಿಕೊಂಡೇ ಚಾವಡಿಯ ಮುಂದೆ ಊರವರನ್ನೆಲ್ಲ ಸೇರಿಸಿದರು.

ರಾಯರಿಗೆ ಹಾಸಿಗೆ ಹಾಸಿದವನು ಊರು ಕಾಯುವ ತಳವಾರ ಚಿಕ್ಕೀರ. ಅವನೂ ಅದೇ ಚಾವಡಿಯ ಜಗಲಿಯಲ್ಲಿ ಮಲಗಿದ್ದ. ರಾಯರು ಅವನ ಕಾಲು ನೋಡಿದರು. ಒಂದು ಗುಳ್ಳೆಯೂ ಇಲ್ಲ.

"ನೋಡಿದಿರೇನ್ರಯ್ಯಾ! ಸಾಕಿದವನನ್ನು ಚಿಗಟ ಕಚ್ಚೋದಿಲ್ಲ. ಇವತ್ತಿಗೆ ನಿನ್ನ ತಳವಾರಿಕೆ ಮುಗೀತು ಕಣೋ!"

ಅಜ್ಜನ ಕಾಲದಿಂದ ಬಂದ ಕೆಲಸ. ಚಿಕ್ಕೀರ ಮನಸ್ಸಿನಲ್ಲೇ ಮಾದಪ್ಪನನ್ನು ನೆನೆದು ಕೈಮುಗಿದ.

"ನನ್ನೂ ಕಚ್ಚವೆ ಬುದ್ಧಿ. ದೇವರು ಒಬ್ಬೊಬ್ಬರಿಗೆ ಒಂದೊಂದು ಥರ ಚರ್ಮ ಕೊಟ್ಟವ್ನೆ. ನನ್ನ ಚರ್ಮಕ್ಕೆ ಅಭ್ಯಾಸ ಆಗೋಗದೆ."

"ವಾದ ಬೇಡ! ದದ್ದಿಲ್ಲದವರು ಯಾರೇ ಆಗಲಿ, ಅವರೇ ತಪ್ಪಿತಸ್ಥರು. ಇವತ್ತೇ ಹೊರಗೆ!"

"ಆಗಲಿ ಬುದ್ಧಿ, ನಿಮ್ಮ ಮಾತೇ ಶಾಸನ. ಆದ್ರೆ ಅಮ್ಮಾವ್ರು ನಿಮ್ಮ ಪಕ್ಕದಲ್ಲೇ ಮಲಗಿದ್ರು. ಬೆಳಿಗ್ಗೆ ಅವರು ಕಾಲು ತೊಳೆಯೋವಾಗ ನನ್ನ ಹೆಂಡ್ತಿ ನೋಡವಳೆ, ಒಂದು ದದ್ದೂ ಇಲ್ವಂತೆ. ಅವರಿಗೂ ಈಗಲೇ ಗಾಡಿ ಕಟ್ಟಿಸ್ಲಾ?"

ಜನ ನಗು ತಡೆಯಲಾರದೆ ಕೆಮ್ಮಿದರು. ರಾಯರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು.

"ರೀ, ನನಗೂ ರಾತ್ರಿಯೆಲ್ಲ ಕಚ್ಚಿವೆ. ನಾನು ಅದಕ್ಕೆ ಊರು ಸೇರಿಸಲಿಲ್ಲ, ಅಷ್ಟೆ."

ರಾಯರು ಪಂಚೆ ಕೆಳಗಿಳಿಸಿದರು. "ಎಲ್ಲರೂ ಹೊರಡ್ರಯ್ಯಾ" ಎಂದು ಗದರಿಸಿ, ಒಳಗೆ ಹೋಗುವಾಗ ಚಿಕ್ಕೀರನ ಮುಖ ನೋಡದೆ ಮೆಲ್ಲಗೆ ಕೇಳಿದರು:

"ನಿಮ್ಮನೇಲಿ ಒಂಚೂರು ಕೊಬ್ಬರಿ ಎಣ್ಣೆ ಇದೆಯೇನೋ?"