ಎಲ್ಲಕ್ಕೂ ಹೌದೆಂದ ಜುಮನಿ

ಗಡಿಕೋಟೆಯಲ್ಲಿ ಒಂದು ಕಾಯಿದೆ ಇತ್ತು. ಹೊಳೆಯಾಚೆಯ ದೇಶದವರು ಹೆಬ್ಬಾಗಿಲಲ್ಲಿ ಹೆಸರು ಬರೆಸಿ ಬಂದರೆ ಇಲ್ಲೇ ಇರಬಹುದು. ಕದ್ದು ಬಂದರೆ ದೋಣಿ ಹತ್ತಿಸಿ ವಾಪಸು ಕಳಿಸಬೇಕು.

ಹೊಳೆಯಾಚೆ ಯುದ್ಧ ನಡೆಯುತ್ತಿತ್ತು. ಅಲ್ಲಿ ಗಂಡನನ್ನು ಕಳೆದುಕೊಂಡ ಜುಮನಿ, ಪುಟ್ಟ ಮಗಳೊಂದಿಗೆ ಗಡಿಕೋಟೆಗೆ ಬಂದು ಬುಟ್ಟಿ ಹೆಣೆದು ಬದುಕುತ್ತಿದ್ದಳು. ಒಂದು ದಿನ ಕದ್ದು ಬಂದವಳೆಂದು ಜವಾನರು ಅವಳನ್ನೂ ಮಗುವನ್ನೂ ಕಚೇರಿಗೆ ಹಿಡಿದು ತಂದರು.

"ಕದ್ದು ಬಂದೆಯಾ?" ಎಂದರು ಅಧಿಕಾರಿ.

"ಹೌದು ಸ್ವಾಮಿ."

ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಮರುದಿನ ಮಧ್ಯಾಹ್ನ ದೋಣಿ ಎಂದರು. ಅಷ್ಟೇ! ನಾವು ಬದನೆಕಾಯಿ ಕೊಳ್ಳುವಾಗಲೂ ನಾಲ್ಕು ಪ್ರಶ್ನೆ ಕೇಳುತ್ತೇವೆ.

ಆ ಊರಲ್ಲಿ ತಿಪ್ಪೇಸ್ವಾಮಿ ಎಂಬ ವಕೀಲರಿದ್ದರು. ಇಂಥವರ ಪರವಾಗಿ ಬಿಟ್ಟಿ ವಾದಿಸುವುದು ಅವರ ಅಭ್ಯಾಸ. 'ಮನೆಯಲ್ಲಿ ಕೆಲಸವಿಲ್ಲವೇನೋ' ಎಂದು ಜನ ಆಡಿಕೊಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ಬೆಳಿಗ್ಗೆಯೇ ಅವರು ಕಚೇರಿಯಲ್ಲಿ ಕೂಡಿಟ್ಟಿದ್ದ ಜುಮನಿಯನ್ನು ನೋಡಲು ಬಂದರು.

"ಊಟ ಆಯ್ತೇನಮ್ಮ?"

"ಹೌದಪ್ಪ, ಆಯ್ತು."

ಮಗು ಹಸಿವಿನಿಂದ ಅಳುತ್ತಿತ್ತು. ತಟ್ಟೆಯಲ್ಲಿ ಒಂದಗುಳೂ ಇರಲಿಲ್ಲ. ತಿಪ್ಪೇಸ್ವಾಮಿಗೆ ಅನುಮಾನ ಬಂತು.

"ಆಯ್ತು ಅಂತ ಯಾಕಮ್ಮ ಹೇಳಿದೆ?"

"ನಮ್ಮ ಕಡೆ ದೊಡ್ಡೋರ ಮಾತಿಗೆ ಇಲ್ಲ ಅನ್ನಬಾರದಪ್ಪ. ಅದು ಅವರಿಗೆ ಅವಮಾನ."

ವಕೀಲರು ಮೊದಲು ತಾಯಿ ಮಗುವಿಗೆ ಇಡ್ಲಿ ತರಿಸಿದರು. ಆಮೇಲೆ ಜುಮನಿಯನ್ನು ಕರೆದುಕೊಂಡು ನೆಟ್ಟಗೆ ಅಧಿಕಾರಿಯ ಮುಂದೆ ನಿಂತು, ಇವಳನ್ನು ಕಳಿಸಬೇಡಿ ಎಂದರು.

"ಅವಳೇ ಒಪ್ಪಿಕೊಂಡಿದ್ದಾಳಲ್ರೀ ವಕೀಲರೇ!" ಅಧಿಕಾರಿಗೆ ರೇಗಿತು.

"ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿ ಸ್ವಾಮಿ. ಈ ಕಚೇರಿ ಕಟ್ಟಿಸಿದ್ದು ನೀನೇನಾ ಅಂತ."

ಅಧಿಕಾರಿ ಹುಬ್ಬು ಗಂಟಿಕ್ಕಿಕೊಂಡೇ ಕೇಳಿದರು. ಜುಮನಿ ಕೈಮುಗಿದು "ಹೌದು ಸ್ವಾಮಿ" ಎಂದಳು. ಜವಾನರು ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ.

"ಈಗ ಅವಳು ಹೇಗೆ ಬಂದಳು ಅಂತ ಕೇಳಿ. ಹೌದು, ಇಲ್ಲ ಎನ್ನುವ ಪ್ರಶ್ನೆ ಬೇಡ" ಎಂದರು ವಕೀಲರು.

ಜುಮನಿ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಹಾಡಹಗಲಲ್ಲಿ ಹೆಬ್ಬಾಗಿಲಿಗೇ ಬಂದಿದ್ದಳು. ಯುಗಾದಿಯ ಮರುದಿನ. ಕಾವಲುಗಾರ ಮಗುವಿಗೆ ನೀರು ಕೊಟ್ಟು ಹೆಸರು ಬರೆದುಕೊಂಡಿದ್ದ. ಹೆಬ್ಬಾಗಿಲಿನ ದಫ್ತರ ತರಿಸಿ ನೋಡಿದರೆ, ಆ ದಿನದ ಪುಟದಲ್ಲಿ ಜುಮನಿಯ ಹೆಸರೂ ಇತ್ತು, ಮಗುವಿನ ಹೆಸರೂ ಇತ್ತು! ಒಪ್ಪಿಕೊಂಡ ಮೇಲೆ ದಫ್ತರ ಬಿಚ್ಚುವ ಕಷ್ಟ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ.

ಅಧಿಕಾರಿ ವಾಪಸು ಕಳಿಸುವ ಆಜ್ಞೆಯನ್ನು ಹರಿದು ಹಾಕಿದರು. "ಮನೆಗೆ ಹೋಗಮ್ಮ" ಎಂದರು. ಜುಮನಿ ಮಗಳನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನೋಡುತ್ತಿದ್ದವರ ಕಣ್ಣೂ ಒದ್ದೆಯಾಯಿತು.

ಆದರೆ ಅಧಿಕಾರಿ ಕುರ್ಚಿಯಿಂದ ಏಳಲಿಲ್ಲ. ದಫ್ತರದ ಪುಟ ತಿರುವುತ್ತಾ ಕೇಳಿದರು: "ಇವಳ ಸೀಮೆಯ ಹದಿನೇಳು ಜನರನ್ನು ಹೋದ ತಿಂಗಳು ಹೀಗೇ ಕಳಿಸಿಬಿಟ್ಟೆನಲ್ಲ ವಕೀಲರೇ. ಈಗೇನು ಮಾಡಲಿ?"

ತಿಪ್ಪೇಸ್ವಾಮಿ ಅಂಗಿಯ ತೋಳು ಮಡಚಿ ಅವರ ಎದುರಿಗೇ ಕುಳಿತರು. "ಹೆಸರು ಹೇಳ್ತಾ ಹೋಗಿ ಸ್ವಾಮಿ. ವಾಪಸು ಕರೆಸೋ ಅರ್ಜಿ ನಾನು ಬರೀತೀನಿ."

ನೀತಿ: ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತಾಡಲು ಅಂಜುವವರ ಪಕ್ಕದಲ್ಲಿ ಮಾತು ಬಲ್ಲವರು ಹೋಗಿ ನಿಲ್ಲಬೇಕು. ಕಲಿತ ವಿದ್ಯೆಗೆ ಅದಕ್ಕಿಂತ ದೊಡ್ಡ ಕೆಲಸವಿಲ್ಲ.