ಉಳಿ ಮುಟ್ಟದ ಗೆರೆ

"ಗುರುಗಳೇ, ನಿಮ್ಮ ಮಾತು ಎಲ್ಲರ ಮನಸ್ಸಿಗೂ ನಾಟುತ್ತದೆ. ಒಂಬತ್ತು ವರ್ಷ ಕೇಳಿದರೂ ನನಗೊಬ್ಬನಿಗೆ ನಾಟಲಿಲ್ಲ. ನನಗೆ ಇನ್ನಷ್ಟು ಗಟ್ಟಿಯಾಗಿ ಹೇಳಬಾರದೇ?" ಎಂದು ಶಿಷ್ಯ ಕೇಳಿದ. ಅಂದೂ ನಾಟದಿದ್ದರೆ ಮಠ ಬಿಡುವುದೆಂದು ಅವನು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟಿನ ಕಡೆ ನೋಡಿ ನಕ್ಕರು. ಆಮೇಲೆ ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ಸುತ್ತಮುತ್ತ ಅವನ ಉಳಿಗೆ ಎದುರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ಒಂದು ದಿನ ಕಲ್ಲುಗಣಿಯಲ್ಲಿ ಚಪ್ಪಡಿಯೊಂದನ್ನು ಸೀಳಿದಾಗ ಒಳಗೆ ಅಂಗೈಯಗಲದ ಚಿತ್ತಾರ ಕಂಡಿತು. ನಡುವೆ ಒಂದು ದಂಟು, ಎರಡೂ ಕಡೆ ಕೂದಲೆಳೆಯಂಥ ಗೆರೆಗಳು. ಎಲೆಯೆಂದರೆ ಎಲೆಯಲ್ಲ, ಹುಳುವೆಂದರೆ ಹುಳುವಲ್ಲ. ಅಷ್ಟು ಸಣ್ಣ ಗೆರೆ ಅವನ ಕೈಗೆ ಬಾರದು.

"ಇದು ಯಾರ ಉಳಿ?" ಎಂದು ಚಪ್ಪಡಿ ಹೊತ್ತು ಊರೂರು ಅಲೆದ. ಯಾರಿಗೂ ಗೊತ್ತಿರಲಿಲ್ಲ. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೊನೆಗೆ ಆ ಕಾಣದ ಕೈಯನ್ನು ಮೀರಿಸಿಯೇ ತೀರುತ್ತೇನೆಂದು ಅದೇ ಗೆರೆಗಳ ಮೇಲೆ ಉಳಿಯಿಟ್ಟು ಬಡಿದ. ಪದರ ಎದ್ದು ಚಿತ್ತಾರ ಪುಡಿಯಾಯಿತು. ಹೊಟ್ಟೆಕಿಚ್ಚಿನ ಕೈಗೆ ಸುತ್ತಿಗೆ ಸಿಕ್ಕರೆ ಇನ್ನೇನಾಗುತ್ತದೆ?

ಸುದ್ದಿ ಕೇಳಿ, ಕಲ್ಲಿನ ವಯಸ್ಸು ಬಲ್ಲ ಪಂಡಿತನೊಬ್ಬ ಹುಡುಕಿಕೊಂಡು ಬಂದ. ಪುಡಿ ನೋಡಿ ಅಲ್ಲೇ ಕುಸಿದು ಕುಳಿತ.

"ಉಳಿ ಯಾರದೂ ಅಲ್ಲಪ್ಪಾ! ಈ ನೆಲ ಕಡಲಾಗಿದ್ದ ಕಾಲದ ಜೀವಿ ಅದು. ಮೂಳೆಯಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ. ಏನು ತಿನ್ನುತ್ತಿತ್ತೋ, ಯಾವ ಕುಲದ್ದೋ, ಇಂದಿಗೂ ಯಾರೂ ತಿಳಿಯರು. ಅಂಥದರ ಗುರುತು ಸಿಗುವುದೇ ಅಪರೂಪ."

ಕಲ್ಲುಕುಟಿಗ ನಂಬಲಿಲ್ಲ. "ಮೂವತ್ತು ವರ್ಷದಿಂದ ಕಲ್ಲು ಬಡಿಯುತ್ತಿದ್ದೇನೆ ಸ್ವಾಮಿ. ನನ್ನ ಉಕ್ಕಿಗೇ ಸುಲಭಕ್ಕೆ ಮಣಿಯದ ಕಲ್ಲಿನ ಮೇಲೆ ಮೂಳೆಯಿಲ್ಲದ ಜೀವಿ ಗೆರೆ ಮೂಡಿಸಿತೇ?"

"ಅದು ಬಂದು ಮಲಗಿದಾಗ ಇದು ಕಲ್ಲಾಗಿರಲಿಲ್ಲ, ಮೆತ್ತನೆಯ ಕೆಸರಾಗಿತ್ತು" ಎಂದ ಪಂಡಿತ.

ಕಲ್ಲುಕುಟಿಗ ಆ ಪುಡಿಯನ್ನು ಬೊಗಸೆಯಲ್ಲಿ ಹಿಡಿದು ಅತ್ತ. ಅವನ ಬದುಕಿನಲ್ಲಿ ಅಂಥ ಇನ್ನೊಂದು ಕಲ್ಲು ಸಿಗಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಕತೆಯೇನೋ ಚೆನ್ನಾಗಿದೆ, ಗುರುಗಳೇ. ನನಗೆ ಗಟ್ಟಿಯಾಗಿ ಹೇಳುತ್ತೀರೋ ಇಲ್ಲವೋ?"

ಗುರುಗಳು ಮೆಲ್ಲಗೆ ಅಂದರು: "ಗಟ್ಟಿ ಬೇಕಾದಷ್ಟಿದೆ ಮಗು, ಆದರೆ ಅದಿರುವುದು ನನ್ನ ಮಾತಿನಲ್ಲಲ್ಲ."