ಎಲ್ಲೆ ತೋರಿಸಿದ ಕಿಚಿಬೆ

ಪೂಜ್ಯ ಮ್ಯೋಕೈ ಮಾತೆಯವರು ಜಪಾನಿನ ಹಿಮನಾಡಿನ ಒಂದು ಹಳ್ಳಿಯ ತುದಿಯಲ್ಲಿ, ಹುಲ್ಲು ಹೊದಿಸಿದ ಪುಟ್ಟ ಕುಟೀರದಲ್ಲಿ ವಾಸವಾಗಿದ್ದರು. ಒಳಗೆ ಬುದ್ಧದೇವರ ಮರದ ಮೂರ್ತಿ, ಒಂದು ಅಗ್ಗಿಷ್ಟಿಕೆ, ಹೊಗೆಯಲ್ಲಿ ಒಣಗಲೆಂದು ಮೇಲೆ ಕಟ್ಟಿದ ನಾಲ್ಕಾರು ಮೂಲಂಗಿ, ಇಷ್ಟೇ ಅವರ ಸಂಸಾರ. ಅವರ ನಗು ಮಾತ್ರ ಆ ಕುಟೀರದಲ್ಲಿ ಹಿಡಿಯುತ್ತಿರಲಿಲ್ಲ.

ಆ ಹಳ್ಳಿಯಲ್ಲೊಂದು ಪದ್ಧತಿ. ಹಿಮ ಬಿದ್ದ ಮರುಬೆಳಗ್ಗೆ ಪ್ರತಿ ಮನೆಯವರೂ ಹುಲ್ಲಿನ ದೊಡ್ಡ ಮೆಟ್ಟು ಹಾಕಿಕೊಂಡು, ತಮ್ಮ ಬಾಗಿಲಿನಿಂದ ಪಕ್ಕದವರ ಎಲ್ಲೆಯವರೆಗೆ ಹಿಮವನ್ನು ತುಳಿದು ಗಟ್ಟಿ ಮಾಡಬೇಕು. ಎಲ್ಲರೂ ತುಳಿದರೆ ಊರಿಗೊಂದು ದಾರಿ. ಒಬ್ಬರು ಬಿಟ್ಟರೂ ದಾರಿ ಅಲ್ಲಿಗೇ ನಿಂತಿತು.

ನಿಂತೇಬಿಟ್ಟಿತು. ತೊಮೆಜೋ ಎಂಬಾತನ ಮಾಡಿನ ಹಿಮ ಜಾರಿ, ಪಕ್ಕದ ಮನೆಯ ಕಿಚಿಬೆ ಕೂಡಿಟ್ಟಿದ್ದ ಮೂಲಂಗಿಯ ಮೇಲೆ ಬಿದ್ದಿತ್ತು. ಅಂದಿನಿಂದ ಇಬ್ಬರೂ ಹಾವು ಮುಂಗುಸಿ. ನಡುವಿನ ಜಾಗವನ್ನು ಇವನೂ ತುಳಿಯ, ಅವನೂ ತುಳಿಯ. ಅಲ್ಲಿ ಹಿಮ ಸೊಂಟದೆತ್ತರ ಬೆಳೆಯಿತು. ಇತ್ತ ಕಿಚಿಬೆಯ ಮಗಳು ಕಿನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬಿತ್ತು. ಮುದುಕಿ ಸೂಲಗಿತ್ತಿಯ ಮನೆ ಇದ್ದದ್ದು ತೊಮೆಜೋನ ಮನೆಯಿಂದಾಚೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸು ಇನ್ನೂ ಹುಟ್ಟೇ ಇರಲಿಲ್ಲ!

ಹೆಂಡತಿಯ ಬೈಗುಳ ತಾಳಲಾರದೆ ಕಿಚಿಬೆ ಕುಟೀರಕ್ಕೆ ಬಂದ.

"ಅಮ್ಮಾ, ನಾನು ಪವಾಡ ಗಿವಾಡ ನಂಬೋನಲ್ಲ. ಜನ ನಿಮ್ಮನ್ನ ದೊಡ್ಡೋರು ಅಂತಾರೆ. ಆ ಹಿಮ ಕರಗಿಸಿ, ನೋಡೋಣ. ಆಗ್ಲಿಲ್ವಾ, ಅದನ್ನ ತುಳಿಯೋದು ತೊಮೆಜೋನ ಕೆಲಸ ಅಂತ ತೀರ್ಪಾದ್ರೂ ಕೊಡಿ."

ಮಾತೆಯವರು ಮುಗುಳ್ನಕ್ಕು ಎದ್ದರು. "ಹಿಮ ಕರಗಿಸೋಕೆ ನಂಗೆ ಬರಲ್ಲಪ್ಪ. ನಿನ್ನ ಎಲ್ಲೆ ಎಲ್ಲೀವರೆಗೆ ಅಂತ ತೋರಿಸು, ನಡಿ."

ಎಲ್ಲೆಗಲ್ಲು ಹಿಮದಡಿ ಹೂತಿತ್ತು. ಕಿಚಿಬೆ ಮೆಟ್ಟು ಊರುತ್ತ ಸೊಂಟದವರೆಗೆ ಇಳಿದು, ಎರಡು ಮನೆಗಳ ನಡುವೆ ಇದ್ದ ಒಂದು ಮರದವರೆಗೆ ಹೋಗಿ, "ಇಲ್ಲೀವರೆಗೆ ನಂದು!" ಎಂದು ಕೂಗಿದ. ಕೂಗಿಗೆ ತೊಮೆಜೋ ಮೆಟ್ಟು ಹಾಕಿಕೊಂಡು ಹೊರಬಿದ್ದ. "ಸುಳ್ಳು! ನನ್ನ ಗೋಡೇವರೆಗೂ ತುಳಿಯೋ ಪಾಲು ನಿಂದೇ. ಬಾ, ತೋರಿಸ್ತೀನಿ!" ಇವನು ಅತ್ತ ಎಳೆದ, ಅವನು ಇತ್ತ ಎಳೆದ. ಮಾತೆಯವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು, "ನಂಗೆ ಕಣ್ಣು ಮಂದ. ಇನ್ನೊಂದ್ಸಲ ನಡೆದು ತೋರಿಸಿ" ಎನ್ನುತ್ತಲೇ ಇದ್ದರು. ಸೊಂಟದವರೆಗಿದ್ದ ಹಿಮ ಮಂಡಿಗೆ ಬಂತು, ಮಂಡಿಯಿಂದ ಪಾದಕ್ಕೆ. ಜಗಳದ ಕಾವಿನಲ್ಲಿ ಇಬ್ಬರಿಗೂ ಅದರ ಪರಿವೆಯಿಲ್ಲ.

ಕೊನೆಗೆ ಇಬ್ಬರೂ ಏದುಸಿರು ಬಿಡುತ್ತ ನಿಂತಾಗ ಮಾತೆಯವರು ಎದ್ದು, ಇಬ್ಬರ ನಡುವೆ ಹಾದು, ಹಿಮದಲ್ಲಿ ಕಾಲು ಹೂತುಹೋಗದೆ ಆರಾಮವಾಗಿ ಆಚೆ ನಡೆದುಬಿಟ್ಟರು.

"ದಾರಿ ಚೆನ್ನಾಗಿದೆ. ಸೂಲಗಿತ್ತೀನ ಕರ್ಕೊಂಡು ಬರ್ತೀನಿ."

ಇಬ್ಬರೂ ತಮ್ಮ ಕಾಲ ಕೆಳಗೆ ನೋಡಿಕೊಂಡರು. ಮೊದಲು ನಕ್ಕವನು ತೊಮೆಜೋ. ಕಿಚಿಬೆಗೆ ನಗುವೂ ಅಳುವೂ ಒಟ್ಟಿಗೇ ಬಂತು. ಮಾತೆಯವರು ಹೋದ ದಿಕ್ಕಿಗೆ ಹಿಮದಲ್ಲೇ ಅಡ್ಡಬಿದ್ದ. ಸಂಜೆಗೆ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಕ್ಷೇಮ.

ಮರುದಿನ ಮೊಮ್ಮಗಳ ಸುದ್ದಿ ಹೇಳಲು ಬಂದ ಕಿಚಿಬೆ ಮೆಲ್ಲಗೆ ಕೇಳಿದ: "ಅಮ್ಮಾ, ಎಲ್ಲೆ ಎಲ್ಲಿದೆ ಅಂತ ಕೊನೆಗೂ ಗೊತ್ತಾಯ್ತಾ?"

"ಇಲ್ಲಪ್ಪ. ಹಿಮ ಬಿದ್ದಾಗ ಮತ್ತೆ ತೋರಿಸು."

ಆ ಪುಣ್ಯಾತ್ಮ ಬದುಕಿದ್ದಷ್ಟು ಕಾಲವೂ ತೋರಿಸಿದ. ಹಿಮ ಬಿದ್ದ ಬೆಳಗೆಲ್ಲ ಎಲ್ಲೆ ತೋರಿಸುವುದಕ್ಕೆಂದು ಹೊರಟು, ತೊಮೆಜೋನ ಬಾಗಿಲವರೆಗೂ ತುಳಿಯುತ್ತಿದ್ದ. ಅಲ್ಲಿ ತೊಮೆಜೋ ಚಹಾ ಕಾಯಿಸಿಟ್ಟುಕೊಂಡು ಕಾದಿರುತ್ತಿದ್ದ.